ಗಸಗಸೆಯ ಗಿಡ, ಹಸಿವಿನ ಗುಟ್ಟು

ಗೋಕುಲಂನ ಮನೆಗಳಲ್ಲಿ ಹಬ್ಬದೂಟದ ಜೊತೆ ಗಸಗಸೆ ಪಾಯಸ ಕುಡಿದು ಕಣ್ಣು ಎಳೆಯತೊಡಗಿದರೆ, ಅದು ಗಸಗಸೆಯ ಮಹಿಮೆ ಎಂದು ಹಿರಿಯರು ನಗುತ್ತಾರೆ. ನಿಜವಾಗಿ ಬೀಜದಲ್ಲಿ ಮತ್ತಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. (ಆದರೂ ಗಲ್ಫಿಗೆ ಹೊರಟ ಬಂಧುಗಳ ಕೈಯಲ್ಲಿ ಗಸಗಸೆ ಕಳಿಸಬೇಡಿ, ಸೌದಿ, ಯುಎಇಗಳಲ್ಲಿ ಅದು ನಿಷಿದ್ಧ.) ಗ್ರೀಕರ 'ಓಪಿಯನ್' ಅರಬ್ಬಿಯಲ್ಲಿ 'ಅಫ್ಯೂನ್' ಆಗಿ, ನಮ್ಮ ಬಾಯಲ್ಲಿ ಅಫೀಮು ಎನಿಸಿತು.

ಅಫೀಮು ತಿನ್ನುವವರ ಊಟದ ಪಾಡೇನು? ಮೊಗಲ್ ದೊರೆ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ 1618ರ ಒಂದು ಪ್ರಸಂಗವನ್ನು ಬರೆದಿದ್ದಾನೆ. ಆಸ್ಥಾನಿಕ ಇನಾಯತ್ ಖಾನನಿಗೆ ಅಫೀಮಿನ ಚಟ, ಜೊತೆಗೆ ಮದ್ಯ. ಭೇದಿ ಹಿಡಿದು ಸೊರಗಿದ. ಆಗಲೇ ಅವನಿಗೆ ವಿಚಿತ್ರ ಹಸಿವು ಹತ್ತಿತು. ದಿನಕ್ಕೆ ಒಂದೇ ಹೊತ್ತು ಉಣ್ಣಬೇಕೆಂದು ಹಕೀಮ ರುಕ್ನಾ ಎಷ್ಟು ಹೇಳಿದರೂ ಅವನಿಂದ ತಡೆಯಲಾಗಲಿಲ್ಲ. ಕೊನೆಗೆ ದೊರೆ ಚಿತ್ರಕಾರರಿಂದ ಅವನ ಚಿತ್ರ ಬರೆಸಿದ. ದಿಂಬಿಗೊರಗಿದ, ಪಕ್ಕೆಲುಬು ಎಣಿಸಬಹುದಾದ ಆ ಮನುಷ್ಯನನ್ನು ಇಂದಿಗೂ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದ ಚಿತ್ರದಲ್ಲಿ ಕಾಣಬಹುದು. ಆ ಹಸಿವಿಗೆ ಅಫೀಮೊಂದೇ ಕಾರಣವೆಂದು ನಾನು ಹೇಳಲಾರೆ, ರೋಗಗಳು ಹಲವಿದ್ದವು. ಆದರೆ ಮತ್ತು ಮತ್ತು ಹಸಿವು ಒಂದೇ ದೇಹದಲ್ಲಿ ಹೀಗೆ ಕಾದಾಡಿದ್ದನ್ನು ಇಷ್ಟು ಕಣ್ಣಿಟ್ಟು ಬರೆದವರು ವಿರಳ.

ಉತ್ತರದ ಎಳೆ ಸಿಕ್ಕಿದ್ದು ಬಹಳ ತಡವಾಗಿ. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಅಫೀಮು ಬಂದು ಕೂರುವ ಗ್ರಾಹಕಗಳು ಮಿದುಳಿನಲ್ಲಿರುವುದನ್ನು ತೋರಿಸಿದರು. ಗಿಡದ ಹಾಲಿಗೆಂದು ಮಿದುಳು ಬೀಗ ಮಾಡಿಟ್ಟುಕೊಂಡೀತೇ? 1975ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್ ಮಿದುಳೇ ತಯಾರಿಸುವ ಕೀಲಿಯನ್ನು ಕಂಡರು: ಎನ್ಕೆಫಲಿನ್. ಈ ನಡುವೆ 1974ರಲ್ಲಿ ಸ್ಟೀಫನ್ ಹೋಲ್ಟ್ಸ್‌ಮನ್, ಆ ಬೀಗವನ್ನು ಮುಚ್ಚುವ ನಲಾಕ್ಸೋನ್ ಕೊಟ್ಟರೆ ಹಸಿದ ಇಲಿಗಳು ಕಡಿಮೆ ತಿನ್ನುವುದನ್ನು ವರದಿ ಮಾಡಿದರು. ಮುಂದಿನ ಪ್ರಯೋಗಗಳಲ್ಲಿ ಸಿಹಿ, ಜಿಡ್ಡಿನ ರುಚಿಯ ಮೇಲೆ ಇದರ ಪರಿಣಾಮ ಹೆಚ್ಚಾಗಿ ಕಂಡಿತು. ಹೊಟ್ಟೆ ತುಂಬಿದ ಮೇಲೂ ಮೈಸೂರು ಪಾಕಿನ ಇನ್ನೊಂದು ತುಂಡಿಗೆ ನಿಮ್ಮ ಕೈ ಹೋಗುತ್ತದಲ್ಲ, ಆ ಸವಿಯ ಹಿಂದೆ ಈ ರಾಸಾಯನಿಕಗಳಿವೆ. ಕೈ ಚಾಚಿಸುವ ತವಕದಲ್ಲಿ ಡೋಪಮಿನ್ನಿನ ಪಾಲು ದೊಡ್ಡದು.

ಅದೇ ಬಗೆಯ ಔಷಧಿ ನಾಲ್ಟ್ರೆಕ್ಸೋನ್‌ಗೆ 1994ರಲ್ಲಿ ಅಮೆರಿಕ ಕುಡಿತದ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಇನ್ನೊಂದು ಔಷಧಿಯೊಡನೆ ಬೆರೆಸಿ ತೂಕ ಇಳಿಸಲು ಬಳಸುವುದಕ್ಕೆ 2014ರಲ್ಲಿ ಅನುಮತಿ ಬಂತು.