‘ಇಲ್ಲ’ ಎಂಬುದನ್ನು ಸಾಧಿಸಿದ ಪ್ರಯೋಗಾಲಯಗಳು

ನಮ್ಮ ಮಡಿವಾಳದಿಂದ ಹೊಸೂರು ರಸ್ತೆ ಹಿಡಿದು, ಡೈರಿ ವೃತ್ತ ದಾಟಿ ನಿಮ್ಹಾನ್ಸ್ ಕಡೆಗೆ ಹೋಗುವವರಿಗೆ ಸೋಮೇಶ್ವರನಗರದ ಟಿ.ಬಿ. ಆಸ್ಪತ್ರೆ ಗೊತ್ತು. ಈಗ ಅದು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಅದೇ ಆವರಣದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಬೆಂಗಳೂರು ಘಟಕವಿದೆ ಎಂಬುದು ಮಾತ್ರ ಬಹಳ ಜನರಿಗೆ ತಿಳಿಯದು. ಭಾರತದಿಂದ ಪೋಲಿಯೊ ತೊಲಗಿತೆಂದು ಖಚಿತಪಡಿಸಿದ ಎಂಟು ಪ್ರಯೋಗಾಲಯಗಳಲ್ಲಿ ಇದೂ ಒಂದು. ಮುಂಬಯಿ, ದೆಹಲಿ, ಚೆನ್ನೈ, ಕೋಲ್ಕತ್ತ, ಲಖನೌ, ಅಹಮದಾಬಾದ್ ಮತ್ತು ಕಸೌಲಿಗಳಲ್ಲಿ ಉಳಿದ ಏಳು ಇದ್ದವು.

ಪೋಲಿಯೊ ಎಂದೊಡನೆ ನಮಗೆ ನೆನಪಾಗುವುದು ಎರಡು ಹನಿ ಲಸಿಕೆ. 1995ರ ಡಿಸೆಂಬರಿನಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಆರಂಭವಾದ ಮೇಲೆ ಶಾಲೆಗಳೇ ಬೂತುಗಳಾದವು. ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಹಾಕುವ ಕೆಲಸದಲ್ಲಿ ನನ್ನಂಥ ಉಪಾಧ್ಯಾಯರೂ ಕುಳಿತಿದ್ದುಂಟು. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಮೆಟ್ಟಿಲೇರುತ್ತಿದ್ದ ವಿದ್ಯಾರ್ಥಿಗಳನ್ನು ಕಂಡಿದ್ದ ನಮಗೆ ಆ ಹನಿಗಳ ಬೆಲೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆದರೆ ಹನಿ ಹಾಕಿದ್ದು ಫಲಿಸಿತೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಯ ಉತ್ತರ ಬೂತಿನಲ್ಲಿಲ್ಲ, ಪ್ರಯೋಗಾಲಯದಲ್ಲಿದೆ.

ಕಷ್ಟವಿರುವುದು ಇಲ್ಲಿ. ಪೋಲಿಯೊ ವೈರಾಣು ಹೊಕ್ಕ ಸುಮಾರು 200 ಮಕ್ಕಳಲ್ಲಿ ಒಂದು ಮಗುವಿಗೆ ಮಾತ್ರ ಅಂಗ ಸ್ವಾಧೀನ ತಪ್ಪುತ್ತದೆ. ಉಳಿದವರು ಏನೂ ಆಗದವರಂತೆ ಆಡಿಕೊಂಡಿದ್ದು ಮಲದ ಮೂಲಕ ವೈರಾಣುವನ್ನು ಹರಡುತ್ತಾರೆ. ಇತ್ತ ಕಾಲು ಸೋತ ಮಕ್ಕಳೆಲ್ಲರಿಗೂ ಪೋಲಿಯೊ ಎನ್ನುವಂತಿಲ್ಲ. ಗಿಲನ್-ಬಾರೆಯಂತಹ ನರರೋಗವೂ ಹಾಗೆಯೇ ಕಾಣುತ್ತದೆ. ಹೀಗಾಗಿ ಕಣ್ಣಿನ ನೋಟಕ್ಕೆ ವೈದ್ಯರೂ ತೀರ್ಪು ಹೇಳಲಾರರು.

ವೈರಾಣುವನ್ನು ಹಿಡಿಯುವ ವಿದ್ಯೆಯೂ ನಿಧಾನವಾಗಿ ಬೆಳೆಯಿತು. 1908ರಲ್ಲಿ ವಿಯೆನ್ನಾದ ಲ್ಯಾಂಡ್‌ಸ್ಟೈನರ್ ಮತ್ತು ಪಾಪ್ಪರ್, ಪೋಲಿಯೊದಿಂದ ತೀರಿಕೊಂಡ ಬಾಲಕನ ಬೆನ್ನುಹುರಿಯ ಅಂಶವನ್ನು ಕೋತಿಗಳಿಗೆ ಚುಚ್ಚಿ, ರೋಗ ಅಂಟುವುದನ್ನು ತೋರಿಸಿದರು. ಮುಂದೆ ನಾಲ್ಕು ದಶಕಗಳ ಕಾಲ ವೈರಾಣುವನ್ನು ಪತ್ತೆಹಚ್ಚಲು ಮುಖ್ಯವಾಗಿ ಕೋತಿಗಳೇ ಬೇಕಾಗಿದ್ದವು. 1949ರಲ್ಲಿ ಬಾಸ್ಟನ್ನಿನ ಎಂಡರ್ಸ್, ವೆಲ್ಲರ್, ರಾಬಿನ್ಸ್ ಅವರು ನರಕ್ಕೆ ಸಂಬಂಧಿಸದ ಜೀವಕೋಶಗಳಲ್ಲಿಯೂ ಅದನ್ನು ಗಾಜಿನ ನಳಿಕೆಯಲ್ಲಿ ಬೆಳೆಸಬಹುದೆಂದು ತೋರಿಸಿದರು. 1954ರ ನೊಬೆಲ್ ಬಹುಮಾನ ಇದಕ್ಕೇ ಸಂದಿತು. ಲಸಿಕೆಗೂ ಪರೀಕ್ಷೆಗೂ ದಾರಿ ತೆರೆದದ್ದು ಈ ಒಂದು ಶೋಧನೆ.

ಭಾರತದಲ್ಲಿ 1997ರಲ್ಲಿ ರಾಷ್ಟ್ರೀಯ ಪೋಲಿಯೊ ಸರ್ವೇಕ್ಷಣಾ ಯೋಜನೆ ಆರಂಭವಾಯಿತು. ಅದರ ನಿಯಮ ಸರಳ. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಜೋತುಬಿದ್ದರೂ, ಕಾರಣ ಏನೇ ಇರಲಿ, ವರದಿ ಮಾಡಬೇಕು. ವೈರಾಣು ಪ್ರತಿದಿನವೂ ಮಲದಲ್ಲಿ ಇಳಿಯುತ್ತದೆಂಬ ಖಾತ್ರಿಯಿಲ್ಲವಾದ್ದರಿಂದ, ಕಾಯಿಲೆ ತೋರಿದ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ತೆಗೆಯಬೇಕು. ಹೆಬ್ಬೆರಳಿನ ತುದಿಯಷ್ಟು, ಅಂದರೆ ಸುಮಾರು 8 ಗ್ರಾಂ ಸಾಕು. ಐಸ್ ತುಂಬಿದ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿ ತಂಪಿನಲ್ಲಿ ಅದು 72 ಗಂಟೆಗಳೊಳಗೆ ಪ್ರಯೋಗಾಲಯ ಸೇರಬೇಕು. ಲಸಿಕೆ ನಗರದಿಂದ ಹಳ್ಳಿಗೆ ತಂಪಿನಲ್ಲಿ ಹೋದರೆ, ಇದು ಹಳ್ಳಿಯಿಂದ ನಗರಕ್ಕೆ ತಂಪಿನಲ್ಲಿ ಬರುವುದು.

ಪ್ರಯೋಗಾಲಯದಲ್ಲಿ ಮಾದರಿಯನ್ನು ಗಾಜಿನ ಮಣಿಗಳೊಡನೆ ಕ್ಲೋರೋಫಾರಂ ಹಾಕಿ ಕುಲುಕುತ್ತಾರೆ. ಬ್ಯಾಕ್ಟೀರಿಯಾ, ಬೂಷ್ಟುಗಳು ಸಾಯುತ್ತವೆ; ಪೋಲಿಯೊ ವೈರಾಣುವಿಗೆ ಏನೂ ಆಗದು. ಆ ತಿಳಿಯನ್ನು ಎರಡು ಬಗೆಯ ಜೀವಕೋಶಗಳ ಮೇಲೆ ಹಾಕುತ್ತಾರೆ. ಆರ್.ಡಿ. ಎಂಬುದು ಮನುಷ್ಯನ ಸ್ನಾಯುಗಂತಿಯಿಂದ ಬಂದ ಕೋಶ. ಇದರಲ್ಲಿ ಪೋಲಿಯೊ ಅಷ್ಟೇ ಅಲ್ಲ, ಅದರ ದಾಯಾದಿ ವೈರಾಣುಗಳೂ ಬೆಳೆಯುತ್ತವೆ. ಎಲ್20ಬಿ ಎಂಬುದು ಇಲಿಯ ಕೋಶ. ಇಲಿಯ ಕೋಶಕ್ಕೆ ಪೋಲಿಯೊ ಸಹಜವಾಗಿ ಹೊಗಲಾರದು. ಮನುಷ್ಯನ ಕೋಶದ ಮೇಲೆ ಪೋಲಿಯೊ ಹೊಕ್ಕುವ ಬಾಗಿಲೊಂದಿದೆಯಷ್ಟೆ, ಆ ಬಾಗಿಲಿನ ಜೀನನ್ನು ವಿಜ್ಞಾನಿಗಳು ಇಲಿಯ ಕೋಶಕ್ಕೆ ಸೇರಿಸಿದರು. ಆದ್ದರಿಂದ ಅಲ್ಲಿ ಕೋಶಗಳು ದುಂಡಗಾಗಿ, ಒಡೆದು ಬಿದ್ದರೆ ಪೋಲಿಯೊ ಬಂದಿದೆಯೆಂಬ ಸಂಶಯ ಬಲವಾಗುತ್ತದೆ. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸವನ್ನು 2007ರ ಸುಮಾರಿಗೆ ಬಂದ ಹೊಸ ಕ್ರಮ ಬಹುಪಾಲು ಅರ್ಧಕ್ಕಿಳಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. ಹನಿ ಲಸಿಕೆಯಲ್ಲಿರುವುದೂ ಬಲಗುಂದಿಸಿದ ಜೀವಂತ ವೈರಾಣುವೇ. ಅದು ಕೂಡ ಮಲದಲ್ಲಿ ಬರುತ್ತದೆ. ಸಿಕ್ಕಿದ್ದು ಲಸಿಕೆಯದೋ, ಕಾಡು ತಳಿಯದೋ ಎಂಬುದನ್ನು ಪಿ.ಸಿ.ಆರ್. ಮುಂತಾದ ವಿಧಾನಗಳಿಂದ ಬಿಡಿಸಬೇಕು. ಮುಂದಿನ ಹೆಜ್ಜೆಯಲ್ಲಿ ವಿಪಿ1 ಎಂಬ ಭಾಗದ ಸುಮಾರು 900 ಅಕ್ಷರಗಳ ಆನುವಂಶಿಕ ಬರಹವನ್ನು ಓದುತ್ತಾರೆ. ಈ ಬರಹ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಂತೆ ಬದಲಾಗುತ್ತದೆ. ಆದುದರಿಂದ ಎರಡು ವೈರಾಣುಗಳ ಬರಹ ಹೋಲಿಸಿದರೆ ಅವು ಎಷ್ಟು ಕಾಲದ ಹಿಂದೆ ಕವಲೊಡೆದವೆಂದು ಲೆಕ್ಕ ಹಾಕಬಹುದು, ವಂಶವೃಕ್ಷ ಬರೆದಂತೆ. ಮುಂಬಯಿಯ ಎಂಟೆರೋವೈರಸ್ ಸಂಶೋಧನಾ ಕೇಂದ್ರ ಈ ಕೆಲಸದಲ್ಲಿ ಹೆಸರಾಯಿತು. ಪೋಲಿಯೊ ಹೊರಟೇಹೋಯಿತೆಂದು ನಾವು ನಿಟ್ಟುಸಿರು ಬಿಟ್ಟಿದ್ದ ಕರ್ನಾಟಕದಲ್ಲಿ 2003ರಲ್ಲಿ 30ಕ್ಕೂ ಹೆಚ್ಚು ಮಕ್ಕಳು ಪೋಲಿಯೊ ಪೀಡಿತರಾದರು. ಉತ್ತರದಿಂದ ಬಂದ ಆ ಸೋಂಕು ನಮಗೆ ಕಲಿಸಿದ್ದಿಷ್ಟು: ದೇಶದ ಒಂದು ಮೂಲೆಯಲ್ಲಿ ವೈರಾಣು ಇರುವವರೆಗೆ ಇನ್ನೊಂದು ಮೂಲೆ ನಿಶ್ಚಿಂತವಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಬಹುದೇ? ನಮ್ಮ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು ಒಂದು ಪ್ರಮಾಣವೆಂದು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯಲ್ಲಿ ಹಾಗೆ ಹೇಳಲಾಗದು. ಪೋಲಿಯೊ ಸರ್ವೇಕ್ಷಣೆ ಮಾಡಿದ್ದು ಇದನ್ನೇ. ಪೋಲಿಯೊ ಅಲ್ಲದ ಅಂಗಸೋಲಿನ ಪ್ರಕರಣಗಳು ಒಂದು ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಒಂದಾದರೂ ಸಿಗದಿದ್ದರೆ, ಹುಡುಕಾಟವೇ ಸರಿಯಿಲ್ಲವೆಂದು ಅರ್ಥ. ಭಾರತ ಆ ಅಳತೆಯನ್ನು ಎರಡಕ್ಕೇರಿಸಿಕೊಂಡಿತು. ಮಲದ ಮಾದರಿಗಳಲ್ಲಿ ದಾಯಾದಿ ವೈರಾಣುಗಳಾದರೂ ಸಾಕಷ್ಟು ಸಿಗದಿದ್ದರೆ, ಮಾದರಿ ದಾರಿಯಲ್ಲಿ ಕೆಟ್ಟಿರಬಹುದು. ಸಾವಿರಾರು ಬಾರಿ ‘ಪೋಲಿಯೊ ಇಲ್ಲ’ ಎಂದು ಬರೆದ ವರದಿಗಳೇ ಕೋಣೆಯ ಬೆಳಕಾದವು. ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಮೂರು ವರ್ಷಗಳ ‘ಇಲ್ಲ’ಗಳನ್ನು ಕೂಡಿಹಾಕಿದ ಬಳಿಕ 2014ರ ಮಾರ್ಚ್ 27ರಂದು ಪ್ರಮಾಣಪತ್ರ ದೊರೆಯಿತು.

ಮಕ್ಕಳಲ್ಲಿ ಕಾಣುವ ಮೊದಲೇ ಕೊಳಚೆ ನೀರಿನಲ್ಲಿ ವೈರಾಣುವನ್ನು ಹುಡುಕುವ ಕ್ರಮ ನಮ್ಮಲ್ಲಿ 2001ರಲ್ಲಿ ಮುಂಬಯಿಯಿಂದ ಮೊದಲಾಯಿತು. ಇದರ ಬೆಲೆ ಎಷ್ಟೆಂಬುದನ್ನು 2022ರ ಲಂಡನ್ ತೋರಿಸಿತು; ಅಲ್ಲಿ ಲಸಿಕೆಯಿಂದ ರೂಪಾಂತರಗೊಂಡ ವೈರಾಣು ಕೊಳಚೆಯಲ್ಲಿ ಸಿಕ್ಕಾಗ ಒಂದು ಮಗುವೂ ಕಾಲು ಕಳೆದುಕೊಂಡಿರಲಿಲ್ಲ. 2024ರಲ್ಲಿ ಗಾಜಾದಲ್ಲಿಯೂ ಮೊದಲ ಸುಳಿವು ಕೊಟ್ಟದ್ದು ಕೊಳಚೆ ನೀರೇ. ಆದರೆ ಯುದ್ಧದ ನಡುವೆ ಲಸಿಕೆ ತಲುಪುವ ಮೊದಲೇ ಒಂದು ಹಸುಳೆಯ ಕಾಲು ಹೋಗಿತ್ತು.

ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಕಾಡು ಪೋಲಿಯೊ ಇನ್ನೂ ಬೇರುಬಿಟ್ಟಿದೆ. ಆದ್ದರಿಂದ ಪರೀಕ್ಷೆ ನಿಲ್ಲುವಂತಿಲ್ಲ. ಹನಿ ಹಾಕಿದವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಬರಲಿ. ಯಾರದೋ ಮಗುವಿನ ಮಲದ ಡಬ್ಬಿಯನ್ನು ಗೌರವದಿಂದ ತೆರೆದು, ದಿನಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿ, ‘ಇಲ್ಲ’ ಎಂದು ಬರೆದು ಸಹಿ ಹಾಕಿದವರನ್ನೂ ನಾವು ನೆನೆಯಬೇಕು. ಓದುಗರಲ್ಲಿ ನನ್ನದೊಂದು ವಿನಂತಿ: ನೆರೆಹೊರೆಯ ಯಾವ ಮಗುವಿನ ಕೈಕಾಲು ಹಠಾತ್ತನೆ ಸೋತರೂ, ಅದು ಪೋಲಿಯೊ ಇರಲಾರದೆಂದು ನೀವೇ ತೀರ್ಮಾನಿಸಬೇಡಿ, ಕೂಡಲೇ ಸರ್ಕಾರಿ ಆಸ್ಪತ್ರೆಗೆ ತಿಳಿಸಿ. ಅದನ್ನು ತೀರ್ಮಾನಿಸಬೇಕಾದದ್ದು ಪ್ರಯೋಗಾಲಯ.