ರೋಜಾ ಎಂಬ ಮಾತು

ಕಲಬುರಗಿ ನಗರದ ಒಂದು ಭಾಗಕ್ಕೆ ರೋಜಾ ಎಂದು ಹೆಸರು. ಹೊಸದಾಗಿ ಅಲ್ಲಿಗೆ ಹೋದವರು ಅದನ್ನು ಹೂವಿನ ಹೆಸರೆಂದೋ ರಮಜಾನಿನ ಉಪವಾಸದ ಹೆಸರೆಂದೋ ಭಾವಿಸುವುದು ಸಹಜ. ಆದರೆ ಈ ಒಂದು ಉಚ್ಚಾರದ ಮರೆಯಲ್ಲಿ ಮೂರು ಬೇರೆ ಶಬ್ದಗಳು ಅಡಗಿರುವುವು. ಅವನ್ನು ಬಿಡಿಸಿ ನೋಡೋಣ.

ಮೊದಲನೆಯದು ಹೂವು. ಇದು ಪೋರ್ಚುಗೀಸರ ರೋಸಾ ಎಂಬ ಮಾತಿನಿಂದ ಬಂದುದೆಂದು ಭಾಷಾಜ್ಞರ ಮತ. 1510ರಲ್ಲಿ ಅವರು ಗೋವೆಯನ್ನು ಹಿಡಿದ ತರುವಾಯ ಚಾವಿ, ಪಾದ್ರಿ ಮೊದಲಾದ ಮಾತುಗಳೂ ನಮ್ಮಲ್ಲಿ ನೆಲೆಸಿದುವು. ಇದೇ ಹೂವನ್ನು ನಾವು ಗುಲಾಬಿ ಎಂದೂ ಕರೆಯುವೆವು. ಪಾರಸಿಯಲ್ಲಿ ಗುಲಾಬ್ ಎಂದರೆ ಮೂಲತಃ ಹೂವಲ್ಲ, ಪನ್ನೀರು.

ಎರಡನೆಯದು ಉಪವಾಸ. ಪಾರಸಿಯಲ್ಲಿ ರೋಜ್ ಎಂದರೆ ಹಗಲು. ಹಗಲೆಲ್ಲ ಅನ್ನನೀರುಗಳನ್ನು ಬಿಡುವ ವ್ರತವೇ ರೋಜಾ. ಬೆಳಗುವುದೆಂಬ ಅರ್ಥದ ಸಂಸ್ಕೃತದ ರುಚ್ ಧಾತು ಇದರ ದಾಯಾದಿ. ನಾಲಗೆಯ ರುಚಿಯೂ ಉಪವಾಸದ ಹೆಸರೂ ಒಂದೇ ಮನೆತನದವೆಂಬುದು ವಿನೋದವಲ್ಲವೆ?

ಕಲಬುರಗಿಯ ರೋಜಾ ಮೂರನೆಯದು. ಅರಬ್ಬಿಯಲ್ಲಿ ರೌದಾ ಎಂದರೆ ಹಸುರಾದ ತೋಟ. ಪಾರಸಿಯವರ ಬಾಯಲ್ಲಿ ಅದು ರೌಜಾ ಆಗಿ, ಮಹನೀಯರ ಗೋರಿಗೆ ಹೆಸರಾಯಿತು. ಷಾಜಹಾನನ ಆಸ್ಥಾನದ ಇತಿಹಾಸಕಾರರು ತಾಜಮಹಲನ್ನೂ ರೌಜಾ ಎಂದೇ ಬರೆದರು. ಉರ್ದು ಲಿಪಿಯಲ್ಲಿ ಉಪವಾಸಕ್ಕೂ ಗೋರಿಗೂ ಅಕ್ಷರವೇ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಜಕಾರವಾದುದರಿಂದ ಭೇದವು ಅಳಿಸಿಹೋಯಿತು.

1398ರಲ್ಲಿ ತೈಮೂರನು ದೆಹಲಿಯ ಮೇಲೆ ಬಿದ್ದಾಗ ಆ ನಗರವನ್ನು ತೊರೆದ ಸೂಫಿ ಸಂತ ಖ್ವಾಜಾ ಬಂದೇನವಾಜರು, ಸುಮಾರು 1400ರಲ್ಲಿ ಫಿರೋಜ್ ಷಾ ಬಹಮನಿಯ ರಾಜಧಾನಿಯಾಗಿದ್ದ ಕಲಬುರಗಿಗೆ ಬಂದು, 1422ರಲ್ಲಿ ಅಲ್ಲಿಯೇ ದೇಹವಿಟ್ಟರು. ಅವರ ಸಮಾಧಿಯಿರುವೆಡೆ ರೋಜಾ ಬುಜುರ್ಗ್, ಅಂದರೆ ಹಿರಿಯ ರೋಜಾ. ಇನ್ನೊಂದು ರೋಜಾ ಖುರ್ದ್, ಕಿರಿಯದು. ನಮ್ಮ ಊರುಗಳ ಹಿರೇ, ಚಿಕ್ಕ ಎಂಬ ವಾಡಿಕೆಯೇ ಇದು.

ಇದು ಪರದೇಶದ ಮಾತು, ನಮಗೇತಕ್ಕೆ ಎನ್ನುವವರುಂಟು. ಅವರು ಮಂತ್ರಾಲಯವನ್ನು ನೆನೆಯಲಿ. ಅಲ್ಲಿ 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಪ್ರವೇಶಿಸಿದುದು ಬೃಂದಾವನವನ್ನು. ಅದೂ ಮೂಲದಲ್ಲಿ ತುಳಸಿಯ ವನವೇ. ಕಲಬುರಗಿಯಲ್ಲಿಯೇ ಶರಣಬಸವೇಶ್ವರರ ಸಮಾಧಿಗೆ ಗದ್ದುಗೆಯೆಂದು ಹೆಸರು; ಗದ್ದುಗೆಯೆಂದರೆ ಆಸನ, ಸಿಂಹಾಸನ. ಪೂಜ್ಯರಾದವರನ್ನು ಮಣ್ಣಿಗಿಟ್ಟೆವೆನ್ನಲು ಯಾರಿಗೂ ಬಾಯಿ ಬಾರದು. ಒಬ್ಬರು ತೋಟವೆಂದರು, ಒಬ್ಬರು ವನವೆಂದರು, ಮತ್ತೊಬ್ಬರು ಪೀಠವೆಂದರು.

ಇವರು ಒಬ್ಬರಿಂದೊಬ್ಬರು ಕಲಿತರೆಂದು ನಾವು ಹೇಳುತ್ತಿಲ್ಲ. ಒಂದೇ ದುಃಖಕ್ಕೆ ನೆರೆಹೊರೆಯವರು ಹುಡುಕಿಕೊಂಡ ಸಮಾಧಾನದ ಮಾತುಗಳಿವು. ರೋಜಾವನ್ನು ಬರಿಯ ಹೂವೆಂದು ತಿಳಿದವರಿಗೆ ಈ ಸಂಬಂಧವು ಕಾಣದೆ ಹೋಗುವುದು.