ಹೆಣವನ್ನು ಹೊಗಳಿದಳು, ಕವಿಯನ್ನಲ್ಲ

ಅರಸೀಕೆರೆಯ ನಮ್ಮ ಮನೆಯಲ್ಲಿ ಕಂತಿ-ಹಂಪರ ಕತೆ ಹೇಳುವ ಹಕ್ಕು ಅಜ್ಜಿಯದಾಗಿತ್ತು, ಅದನ್ನು ನಡುವೆ ಕೆಡಿಸುವ ಹಕ್ಕು ಅಜ್ಜನದು. ಕರೆಂಟು ಹೋದ ರಾತ್ರಿಗಳಲ್ಲಿ ಊಟ ಮುಗಿಸಿ ಜಗಲಿಯ ಮೇಲೆ ಕೂತರೆ ಈ ಕತೆ ಬಂದೇ ಬರುತ್ತಿತ್ತು. ಅಜ್ಜಿ ಪ್ರಾಥಮಿಕ ಶಾಲೆಯಲ್ಲಿ 30 ವರ್ಷ ಪಾಠ ಮಾಡಿದವರು. ಅಜ್ಜ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು. ಮೊಮ್ಮಕ್ಕಳು ಐದು ಜನ. ಕತೆ ಮುಗಿಯುವ ಹೊತ್ತಿಗೆ ನಾವು ಎರಡು ಪಕ್ಷವಾಗಿರುತ್ತಿದ್ದೆವು.

ಕತೆ ಹಲವರಿಗೆ ಗೊತ್ತಿರುವುದೇ. ದೋರಸಮುದ್ರದ ಬಲ್ಲಾಳನ ಆಸ್ಥಾನದಲ್ಲಿ ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನಿದ್ದ. ಪಾಲು ಹಾಲಾದ ಹಾಗೆ ಪಂಪ ಜನರ ಬಾಯಲ್ಲಿ ಹಂಪನಾದ. ಅದೇ ಊರಿನಲ್ಲಿ ಮಂತ್ರಿಯ ಮಗನೊಬ್ಬ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಮಂದಬುದ್ಧಿಯವರಿಗೆ ತೊಟ್ಟು ತೊಟ್ಟು ಕೊಡಲೆಂದು ಅವನು ಜ್ಯೋತಿಷ್ಮತಿ ತೈಲ ಮಾಡಿಟ್ಟಿದ್ದ. ಕಂತಿ ಅದನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಮೈ ಉರಿ ತಡೆಯಲಾರದೆ ಬಾವಿಗೆ ಹಾರಿದಳು. ಸಾಯಲಿಲ್ಲ, ನೀರಲ್ಲಿ ನಿಂತೇ ಕವಿತೆ ಹೇಳತೊಡಗಿದಳು. ಅರಸ ಅವಳನ್ನು ಆಸ್ಥಾನಕ್ಕೆ ಕರೆಸಿ, ಪರೀಕ್ಷೆ ಮಾಡಲು ಹಂಪನಿಗೆ ಹೇಳಿದ. ಹಂಪ ಸಮಸ್ಯೆಗಳನ್ನು ಒಡ್ಡುತ್ತ ಹೋದ, ಕಂತಿ ಬಿಡಿಸುತ್ತ ಹೋದಳು.

ಸಮಸ್ಯೆ ಎಂದರೆ ಇಲ್ಲಿ ತೊಂದರೆಯಲ್ಲ (ತೊಂದರೆಯೂ ಹೌದು). ಪದ್ಯದ ಒಂದು ಸಾಲನ್ನು, ಸಾಮಾನ್ಯವಾಗಿ ಕೊನೆಯದನ್ನು, ಎದುರಾಳಿಯ ಮುಂದಿಡುವುದು. ಆ ಸಾಲು ಕೇಳಲು ಅಸಂಬದ್ಧವಾಗಿರಬೇಕು, ಇಲ್ಲವೇ ಸಭೆ ಕಿವಿ ಮುಚ್ಚಿಕೊಳ್ಳುವಷ್ಟು ಅಸಭ್ಯವಾಗಿರಬೇಕು. ಉಳಿದ ಸಾಲುಗಳನ್ನು ಕಟ್ಟಿ, ಬೇಕಾದರೆ ಪದವನ್ನು ಬೇರೆ ಕಡೆ ಒಡೆದು, ಆ ಸಾಲಿಗೇ ಮಾನ ಬರುವಂತೆ ಮಾಡುವುದು ಉತ್ತರಿಸುವವರ ಕೆಲಸ. ಇಂದು ಅಷ್ಟಾವಧಾನ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಸಮಸ್ಯಾಪೂರಣದ ಪಕ್ಕದಲ್ಲೇ ಅಪ್ರಸ್ತುತ ಪ್ರಸಂಗವೆಂಬ ಇನ್ನೊಂದು ಅಂಗವಿದೆ. ಅವಧಾನಿ ಗಂಭೀರವಾಗಿ ಪದ್ಯ ಕಟ್ಟುತ್ತಿರುವಾಗ ಒಬ್ಬರು ಪಕ್ಕದಲ್ಲಿ ಕೂತು ಕೀಟಲೆ ಮಾಡುತ್ತಲೇ ಇರಬೇಕು, ಅವಧಾನಿ ಅದಕ್ಕೂ ತಕ್ಕ ಉತ್ತರ ಕೊಡುತ್ತಿರಬೇಕು. ಕೀಟಲೆಗೆ ಕುರ್ಚಿ ಹಾಕಿ ಕೂರಿಸಿದ ಇಂಥ ಸಾಹಿತ್ಯಸಭೆ ನನಗೆ ಬಹಳ ಇಷ್ಟ.

ಕಂತಿಯನ್ನು ಸೋಲಿಸಲಾಗಲಿಲ್ಲ. ಹೋಗಲಿ, ಒಂದು ಮೆಚ್ಚುಗೆಯ ಮಾತಾದರೂ ಬರಲಿ ಎಂದರೆ ಅದನ್ನೂ ಅವಳು ಆಡಲಿಲ್ಲ. ಹೇಗಾದರೂ ಹೊಗಳಿಸಿಯೇ ತೀರುತ್ತೇನೆಂದು ಹಂಪ ಪಣ ಕಟ್ಟಿದ. ಒಂದು ದಿನ ಸತ್ತಂತೆ ಮಲಗಿ ಸುದ್ದಿ ಕಳಿಸಿದ. ಕಂತಿ ಓಡಿ ಬಂದಳು, ಅತ್ತಳು, ಇಂಥ ಕವಿ ಇನ್ನೆಲ್ಲಿ ಎಂದು ಹಾಡಿ ಹೊಗಳಿದಳು. ಹಂಪ ಎದ್ದು ಕೂತ.

ಇಲ್ಲಿಗೆ ಬಂದಾಗ ಅಜ್ಜ ತೊಡೆ ತಟ್ಟುತ್ತಿದ್ದರು. 'ಕೊನೆಗೂ ಹೊಗಳಿದಳಲ್ಲ!' ಅಜ್ಜಿಯ ಉತ್ತರ ಪ್ರತಿಸಲವೂ ಒಂದೇ: 'ಹೆಣವನ್ನು ಹೊಗಳಿದಳು, ಕವಿಯನ್ನಲ್ಲ.' ಅಜ್ಜ ಕೆಲವು ರಾತ್ರಿ ಚಾಪೆಯ ಮೇಲೆ ಉಸಿರು ಬಿಗಿಹಿಡಿದು ಮಲಗಿ ಅಜ್ಜಿಯಿಂದ ಹೊಗಳಿಕೆ ಹೊರಡಿಸಲು ನೋಡಿದ್ದೂ ಉಂಟು. ಅಜ್ಜಿ ಅವರನ್ನು ದಾಟಿಕೊಂಡು ಹೋಗಿ ಹಾಲಿಗೆ ಹೆಪ್ಪು ಹಾಕುತ್ತಿದ್ದರು.

ಈಗ ನಾನು ಪಿಎಚ್.ಡಿ.ಗೆ ಆರಿಸಿಕೊಂಡಿರುವುದು ಕನ್ನಡದ ಸಮಸ್ಯಾಪದ್ಯಗಳನ್ನು. ಅಜ್ಜಿಯ ಪಕ್ಷದವಳಾದ ನಾನು ಮೊದಲ ಅಧ್ಯಾಯವನ್ನು ಕಂತಿಯಿಂದಲೇ ಶುರುಮಾಡಿದೆ. 'ಕನ್ನಡದ ಮೊದಲ ಕವಯಿತ್ರಿ' ಎಂದು ಮೊದಲ ವಾಕ್ಯದಲ್ಲೇ ಬರೆದೆ. ಹಾಗೆ ಬರೆದವರಲ್ಲಿ ನಾನೇ ಮೊದಲಿಗಳೇನಲ್ಲ. ಮಾರ್ಗದರ್ಶಕರು ಆ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಎರಡೇ ಪದ ಬರೆದರು: ಆಧಾರ ಎಲ್ಲಿ?

ಹುಡುಕಿದೆ. ನಾಗಚಂದ್ರನಿಗೆ ಆಧಾರದ ಕೊರತೆಯಿಲ್ಲ. 'ಮಲ್ಲಿನಾಥ ಪುರಾಣ', 'ರಾಮಚಂದ್ರಚರಿತ ಪುರಾಣ' ಎರಡೂ ನಮ್ಮ ಕೈಯಲ್ಲಿವೆ. ಅವನ ಕಾಲ 1100ರ ಆಸುಪಾಸು. ಕಂತಿಯದು ಎನ್ನಬಹುದಾದ ಸ್ವತಂತ್ರ ಕಾವ್ಯ ಒಂದೂ ಇಲ್ಲ. ಇರುವುದು 'ಕಂತಿಹಂಪನ ಸಮಸ್ಯೆಗಳು' ಎಂಬ ಪದ್ಯಗಳು. ಅವೂ ಹಂಪನಿಲ್ಲದೆ ನಿಲ್ಲುವಂಥವಲ್ಲ. ಅವಳ ಹೆಸರು ಹೇಳುವ ಹಳೆಯ ಕವಿ ಬಾಹುಬಲಿ. ಅವನ 'ನಾಗಕುಮಾರಚರಿತೆ' 16ನೆಯ ಶತಮಾನದ್ದು, ಅಂದರೆ ನಾಗಚಂದ್ರನ ನಂತರ ನಾನೂರು ವರ್ಷಕ್ಕೂ ಮೇಲೆ. ಬಾವಿ, ತೈಲ, ಇವೆಲ್ಲ ವಿವರವಾಗಿ ಬರುವುದು ದೇವಚಂದ್ರನ 'ರಾಜಾವಳಿ ಕಥೆ'ಯಲ್ಲಿ. ಅದು ಇನ್ನೂ ಈಚಿನದು, 19ನೆಯ ಶತಮಾನದ ಮೊದಲರ್ಧದ್ದು. ಆರ್. ನರಸಿಂಹಾಚಾರ್ಯರು 1907ರಲ್ಲಿ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ತಂದಾಗ ಕಂತಿಗೂ ಅದರಲ್ಲಿ ಜಾಗ ಕೊಟ್ಟರು. ಅಲ್ಲಿಂದ ಅವಳು ಪಠ್ಯಪುಸ್ತಕಕ್ಕೆ ನಡೆದುಬಂದಳು.

ಹೆಸರೂ ಕೈಕೊಟ್ಟಿತು. ಕಂತಿ ಎಂದರೆ ಜೈನ ಸನ್ಯಾಸಿನಿ. ಶ್ರವಣಬೆಳಗೊಳದ ಹಳೆಯ ನಿಷಿಧಿ ಶಾಸನಗಳಲ್ಲಿ ಸಲ್ಲೇಖನ ವ್ರತದಿಂದ ತೀರಿಕೊಂಡ ನಾಗಮತಿ ಗಂತಿಯಂಥವರು ಇದ್ದಾರೆ. ನಾಗಮತಿ ಎಂಬುದು ಹೆಸರು, ಗಂತಿ ಎಂಬುದು ಅವಳ ಸ್ಥಾನ. ಅಂದರೆ ನಮ್ಮ ಕವಯಿತ್ರಿಯನ್ನು ನಾವು ಶತಮಾನಗಳಿಂದ 'ಅಮ್ಮಾವ್ರು' ಎಂದಷ್ಟೇ ಕರೆಯುತ್ತ ಬಂದಿದ್ದೇವೆ. ಅರಸನ ಹೆಸರಂತೂ ಇನ್ನೂ ಮಜವಾಗಿದೆ. ಕತೆಯಲ್ಲಿ ಅವನನ್ನು ದೋರರಾಯ ಎಂದೂ ಕರೆಯುತ್ತಾರೆ. ನೃಪಕಾಮನಿಂದ ಮೂರನೆಯ ಬಲ್ಲಾಳನವರೆಗೆ ಎಣಿಸಿ ನೋಡಿ, ಹೊಯ್ಸಳರಲ್ಲಿ ದೋರನೆಂಬ ಅರಸನಿಲ್ಲ. ಊರ ಹೆಸರೇ ಅರಸನ ಹೆಸರಾಗಿ ಕೂತಿದೆ. ದೋರಸಮುದ್ರ ಹಳೇಬೀಡಾಗಿ, ಅರಮನೆ ಮಣ್ಣುಪಾಲಾದ ಮೇಲೂ ಕತೆ ಹೇಳುತ್ತಿದ್ದವರಿಗೆ ಕೆರೆಯೊಂದು ನೆನಪಿತ್ತು.

ಇದನ್ನೆಲ್ಲ ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು ನೋಡಿದಾಗ ಅನಿಸಿದ್ದು ಇಷ್ಟು: ಇದು ನಾಗಚಂದ್ರನ ಕಾಲದ ದಾಖಲೆಯಲ್ಲ. ನಾಗಚಂದ್ರನನ್ನು ಓದಿದವರು ಅವನಿಗೊಬ್ಬ ಎದುರಾಳಿಯನ್ನು ಕಟ್ಟಿಕೊಟ್ಟ ಕತೆ, ಅಥವಾ ಇದ್ದವಳೊಬ್ಬಳ ಮಂಕಾದ ನೆನಪಿಗೆ ಕೈಕಾಲು ಮೂಡಿಸಿದ ಕತೆ. ಎರಡರಲ್ಲಿ ಯಾವುದಾದರೂ ಕತೆಯನ್ನು ಕಟ್ಟಿದವರು ಅಭಿಮಾನಿಗಳೇ. ಅಭಿಮಾನಿಗಳು ಎಂದೂ ತಮ್ಮ ಕವಿಯನ್ನು ಸುಮ್ಮನೆ ಪೂಜಿಸಿ ಬಿಡುವವರಲ್ಲ. ಅವನನ್ನು ಕಾಲೆಳೆಯದೆ ಅವರಿಗೆ ಸಮಾಧಾನವಿಲ್ಲ. ರಾಘವಾಂಕ 'ಹರಿಶ್ಚಂದ್ರ ಕಾವ್ಯ' ಬರೆದಾಗ ಸೋದರಮಾವ ಹರಿಹರ ಹಲ್ಲು ಉದುರುವಂತೆ ಹೊಡೆದ ಕತೆ, ಮುಂದೆ ಶಿವಭಕ್ತರನ್ನು ಹಾಡಿದಾಗ ಆ ಹಲ್ಲು ಮತ್ತೆ ಬಂದ ಕತೆ, ಇವು ಕೂಡ ಇದೇ ಜಗಲಿಯಲ್ಲಿ ಹುಟ್ಟಿದವು.

ಆಸ್ಥಾನದ ಪೈಪೋಟಿ ಮಾತ್ರ ಕಟ್ಟುಕತೆಯಲ್ಲ. ಅದಕ್ಕೆ ಕಲ್ಲಿನ ಸಾಕ್ಷಿಯಿದೆ. ಹೋದ ಮಾಘದಲ್ಲಿ ಜಾವಗಲ್ಲಿನ ದಾರಿಯಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋದೆ. ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಮದನಿಕೆಯರನ್ನು ನೋಡಲು ಎಲ್ಲರೂ ಕತ್ತೆತ್ತುತ್ತಾರೆ. ಕೆಲವು ಮದನಿಕೆಯರ ಪಾದದ ಬಳಿಯ ಬರಹಗಳನ್ನು ಓದುವವರು ಕಡಿಮೆ. ಶಿಲ್ಪಿಗಳು ಅಲ್ಲಿ ಹೆಸರು ಕೊರೆದಿದ್ದಾರೆ, ಹೆಸರಿನ ಜೊತೆ ಬಿರುದನ್ನೂ. ಬಳ್ಳಿಗಾವೆಯ ದಾಸೋಜ ಒಬ್ಬ, ಅವನ ಮಗ ಚಾವಣ ಇನ್ನೊಬ್ಬ. ಚಾವಣ ತನ್ನನ್ನು 'ಬಿರುದ ರೂವಾರಿ ಮದನ ಮಹೇಶ' ಎಂದು ಕರೆದುಕೊಂಡಿದ್ದಾನೆ. ರೂವಾರಿ ಎಂದರೆ ಶಿಲ್ಪಿ. ಬಿರುದು ಹೊತ್ತ ಉಳಿದ ಶಿಲ್ಪಿಗಳೆಲ್ಲ ಮನ್ಮಥರು, ನಾನು ಅವರನ್ನು ಸುಡುವ ಶಿವ ಎಂದು ಅರ್ಥ. ಮತ್ತೊಬ್ಬ ಅಂಥ ರೂವಾರಿಗಳೆಂಬ ಬೆಟ್ಟಕ್ಕೆ ವಜ್ರದಂಡ. ಇವರೆಲ್ಲ ಬೇರೆ ಬೇರೆ ಊರಿನಲ್ಲಿ ಕೂತು ಹೀಗೆ ಬೀಗಿದವರಲ್ಲ ಎಂಬುದನ್ನು ಮರೆಯಬೇಡಿ. ಒಂದೇ ಗುಡಿಯ ಕೆಲಸಕ್ಕೆ ಬಂದವರು, ಪಕ್ಕಪಕ್ಕದಲ್ಲಿ ಉಳಿ ಹಿಡಿದವರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ 'ಏನಪ್ಪಾ ಮಹೇಶ, ಇನ್ನೂ ಮೂಗು ಮುಗಿಯಲಿಲ್ಲವೇ' ಎಂದು ಯಾರೂ ಅವನನ್ನು ರೇಗಿಸಿರಲಿಕ್ಕಿಲ್ಲ ಎಂದು ನಂಬಲು ನಾನು ತಯಾರಿಲ್ಲ. ಮನ್ಮಥರ ಸಾಲಿನಲ್ಲಿ ಅವನ ಅಪ್ಪನೂ ಇದ್ದನಲ್ಲ!

ಕವಿಗಳ ಬಿರುದುಗಳೂ ಇದೇ ಅಚ್ಚಿನವು. ರಾಘವಾಂಕ 'ಕವಿ ಶರಭಭೇರುಂಡ'. ಜನ್ನ 'ಕವಿಚಕ್ರವರ್ತಿ' ಬಿರುದನ್ನು ಪಡೆದು ಸುಮ್ಮನಾಗಲಿಲ್ಲ, ಪೊನ್ನ, ರನ್ನ, ತಾನು ಎಂದು ಲೆಕ್ಕ ಕೊಟ್ಟು ಪದ್ಯ ಬರೆದ. ಅಷ್ಟೇಕೆ, ನಮ್ಮ ಅರಸೀಕೆರೆಗೇ ಶಾಸನದಲ್ಲಿ ಉದ್ಭವ ಸರ್ವಜ್ಞ ವಿಜಯ ಬಲ್ಲಾಳಪುರ ಎಂಬ ಹೆಸರಿದೆ. ಊರಿನ ಹೆಸರಲ್ಲೇ ಸರ್ವಜ್ಞ! ಅಜ್ಜನ ಬಾಯಿ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು.

ಬೇಲೂರಿನಲ್ಲೇ ಇನ್ನೊಂದು ಕೆತ್ತನೆಯಿದೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಕೊನೆಯಲ್ಲಿ ಒಬ್ಬ ಋಷಿ ಇದನ್ನೆಲ್ಲ ಬೆರಗಿನಿಂದ ನೋಡುತ್ತ ನಿಂತಿದ್ದಾನೆ. 'ಶರಭಭೇರುಂಡ' ಎಂಬ ಬಿರುದಿನ ಚಿತ್ರಭಾಷ್ಯ ಎಂದರೆ ಇದೇ. ಇದನ್ನು ಲೋಕದ ಕ್ರೌರ್ಯವೆಂದು ವಿವರಿಸುವವರಿದ್ದಾರೆ. ನನಗೆ ಅಂದು ಅಷ್ಟು ಗಂಭೀರವಾಗಿ ಕಾಣಲಿಲ್ಲ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಏರಿ ಕೂರುವ ಸಭೆಯಂತೆ ಕಂಡಿತು. ಋಷಿಯ ಜಾಗದಲ್ಲಿ ಜಗಲಿಯ ಐದು ಮೊಮ್ಮಕ್ಕಳು.

ಸತ್ತಂತೆ ಮಲಗಿದ ಪ್ರಸಂಗ ಮಾತ್ರ ನನ್ನನ್ನು ಬಿಡಲಿಲ್ಲ. ಚಿಕ್ಕಂದಿನಲ್ಲಿ ನಕ್ಕಿದ್ದೆ. ಈಗ ಅಲ್ಲಿ ಒಂದು ಮುಳ್ಳಿದೆ ಅನಿಸುತ್ತದೆ. ಗಮನಿಸಿ, ಇಡೀ ಕತೆಯಲ್ಲಿ ಕಂತಿ ಒಂದು ಸಮಸ್ಯೆಯಲ್ಲೂ ಸೋಲುವುದಿಲ್ಲ. ವಿದ್ಯೆಯಲ್ಲಿ ಗೆಲ್ಲಲಾಗದ್ದನ್ನು ಹಂಪ ಅವಳ ಕರುಳಿನಲ್ಲಿ ಗೆಲ್ಲಲು ಹೋಗುತ್ತಾನೆ. ಆಟದಲ್ಲಿ ಒಂದು ನಿಯಮವಿರುತ್ತದೆ, ಇಬ್ಬರಿಗೂ ಇದು ಆಟವೆಂದು ಗೊತ್ತಿರಬೇಕು. ಹೆಣದ ಮುಂದೆ ಅಳುತ್ತಿದ್ದವಳಿಗೆ ಅದು ಗೊತ್ತಿರಲಿಲ್ಲ. ಹಾಗಿದ್ದೂ ಕತೆ ಅವಳನ್ನು ಕಿರಿದು ಮಾಡುವುದಿಲ್ಲ. ಎದುರಾಳಿ ಇದ್ದಷ್ಟು ದಿನ ಬಗ್ಗಲಿಲ್ಲ, ಎದುರಾಳಿ ಇಲ್ಲವೆಂದಾಗ ತನ್ನ ಆಟವೂ ಮುಗಿಯಿತೆಂದು ಅತ್ತಳು. ಸೋತದ್ದು ಯಾರು ಎಂಬ ಪ್ರಶ್ನೆಯನ್ನು ಕತೆ ಕಟ್ಟಿದವರು ಬೇಕೆಂದೇ ತೆರೆದಿಟ್ಟಂತಿದೆ. ದೇವಚಂದ್ರ ತನ್ನ ಗ್ರಂಥವನ್ನು ಬರೆದದ್ದು ಮೈಸೂರು ಅರಮನೆಯ ರಾಣಿಯೊಬ್ಬರಿಗಾಗಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ಕೋಣೆಯಲ್ಲಿ ಇದನ್ನು ಓದಿ ಹೇಳಿದಾಗ ಕೇಳುತ್ತಿದ್ದ ಹೆಂಗಸರು ಯಾವ ಪಕ್ಷ ಹಿಡಿದಿರಬಹುದೆಂದು ನನಗೆ ಅನುಮಾನವಿಲ್ಲ.

ಹಾಸ್ಟೆಲಿನಲ್ಲಿ ನಾವು ಆರು ಜನ ಗೆಳತಿಯರು ಶನಿವಾರ ರಾತ್ರಿ ಸಮಸ್ಯೆ ಆಡುತ್ತೇವೆ. ಛಂದಸ್ಸು ನಮಗೆ ಒಲಿದದ್ದು ಕಡಿಮೆ, ಬಾಯಿ ಮಾತ್ರ ಜೋರು. ನಾನು ಒಮ್ಮೆ ನಮ್ಮೂರಿನ ರೈಲ್ವೆ ಜಂಕ್ಷನ್ನನ್ನು ನೆನೆದು 'ರೈಲು ಬಂದರೆ ಊರು ನಿಲ್ಲುವುದು' ಎಂದು ಒಡ್ಡಿದೆ. ಕಲಬುರಗಿಯ ಗೆಳತಿ ಹತ್ತು ನಿಮಿಷದಲ್ಲಿ ಹೀಗೆ ತುಂಬಿದಳು:

ಹಳಿಯ ಮೇಲಿನ ಗೇಟು ಮೆಲ್ಲಗಿಳಿಯಿತು ನೋಡಿ,
ಲಾರಿ ನಿಂತಿತು, ಬಸ್ಸು, ಹಸು, ಮದುವೆಗಂಡು;
ಮಾತಾಡುತ್ತಿದ್ದ ಅತ್ತೆಯೂ ಬಾಯಿ ಮುಚ್ಚಿದಳಮ್ಮ,
ರೈಲು ಬಂದರೆ ಊರು ನಿಲ್ಲುವುದು.

ಅತ್ತೆಯ ಸಾಲಿಗೆ ಅವಳಿಗೆ ಅಂಕ ಕೊಡಬೇಕೋ ಕಳೆಯಬೇಕೋ ಎಂದು ರಾತ್ರಿ ಒಂದರವರೆಗೆ ಜಗಳವಾಯಿತು. ಆ ಜಗಳದ ನಡುವೆಯೇ ನನಗೆ ಅಧ್ಯಾಯದ ದಾರಿ ಕಂಡಿತು. ಕಂತಿಯನ್ನು ಬಿಡಬೇಕಾಗಿಲ್ಲ, ಜಾಗ ಬದಲಿಸಬೇಕು. ಅವಳು 1100ರ ಆಸ್ಥಾನದ ಸಾಕ್ಷಿಯಾಗಲಾರಳು. ಆದರೆ ಕಾವ್ಯವನ್ನು ಕೇಳಿ, ಪಕ್ಷ ಕಟ್ಟಿ, ಕವಿಗೆ ಎದುರು ನಿಂತು ಉತ್ತರ ಕೊಡಬಲ್ಲ ಹೆಣ್ಣೊಬ್ಬಳನ್ನು ಊಹಿಸಿದ ಓದುಗರಿಗೆ ಅವಳು ಒಳ್ಳೆಯ ಸಾಕ್ಷಿ. 'ಮೊದಲ ಕವಯಿತ್ರಿ' ಎಂಬ ಎರಡು ಪದಗಳನ್ನು ಹೊಡೆದುಹಾಕಿದೆ. ಅಧ್ಯಾಯವನ್ನು ಮೂರನೆಯದಾಗಿ ಹಿಂದಕ್ಕೆ ಸರಿಸಿದೆ. ಕೈ ಸ್ವಲ್ಪ ನಡುಗಿತು ಎಂದರೆ ನಗಬೇಡಿ.

ಅಜ್ಜ ತೀರಿಕೊಂಡು ನಾಲ್ಕು ವರ್ಷವಾಯಿತು. ಅಂದು ಅಜ್ಜಿ ಅವರ ತಲೆಯ ಬಳಿ ಕೂತು ಬಹಳ ಹೊತ್ತು ಏನನ್ನೂ ಹೇಳದೆ ಮುಖವನ್ನೇ ನೋಡುತ್ತಿದ್ದರು. ಏಳುತ್ತಾರೇನೋ ಎಂದು ಕಾಯುತ್ತಿದ್ದಾರೆಂದು ನಮ್ಮ ಐದು ಜನಕ್ಕೆ ಮಾತ್ರ ಗೊತ್ತಾಯಿತು.

ಯುಗಾದಿಗೆ ಊರಿಗೆ ಹೋದಾಗ ಅಳುಕುತ್ತಲೇ ಅಜ್ಜಿಗೆ ವಿಷಯ ಹೇಳಿದೆ. ಶಾಸನವಿಲ್ಲ, ಕಾವ್ಯವಿಲ್ಲ, ಹೆಸರೂ ಹೆಸರಲ್ಲ, ಕಂತಿ ಇದ್ದಳೆಂದು ಬರೆಯಲು ನನಗೆ ಆಗುತ್ತಿಲ್ಲ ಎಂದೆ. ಅವರು ಬೇವಿನ ಹೂ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

'ಇದು ನಿನ್ನ ಅಜ್ಜನಿಗೆ ಗೊತ್ತಿತ್ತಾ?'

'ಇಲ್ಲ ಅನಿಸುತ್ತೆ ಅಜ್ಜಿ.'

'ಸದ್ಯ. ಗೊತ್ತಿದ್ದರೆ ಐವತ್ತು ವರ್ಷ ಅದನ್ನೇ ಹೇಳಿ ಗೆಲ್ಲುತ್ತಿದ್ದರು.'